ಬೀಗರ ಕಾರುಬಾರು

ಮದುವೆಯ ಮಾತುಕತೆಯಲ್ಲಿ ಜಾತಕ, ತೋಟದ ಎಕರೆ, ಹುಡುಗನ ಸಂಬಳ ಎಲ್ಲವನ್ನೂ ಕೆದಕಿ ಕೇಳುವ ನಮ್ಮ ಹಿರಿಯರು, ಎರಡೂ ಮನೆಯ ಶೆಡ್ಡುಗಳಲ್ಲಿ ಟಾರ್ಪಾಲಿನ ಕೆಳಗೆ ಏನು ನಿಂತಿದೆ ಎಂದು ಮಾತ್ರ ವಿಚಾರಿಸುವುದಿಲ್ಲ. ವಿಚಾರಿಸಿದ್ದರೆ ನನ್ನ ಮದುವೆ ನಡೆಯುತ್ತಿತ್ತೋ ಇಲ್ಲವೋ ಹೇಳಲಾರೆ. ಆಲ್ದೂರು ಕಡೆಯ ನಮ್ಮ ಮನೆಯಲ್ಲಿ ಅಪ್ಪನ ಟ್ರಯಂಫ್ ಸ್ಪಿಟ್‌ಫೈರ್ ಇದೆ. ಮಲ್ಲಂದೂರು ಕಡೆಯ ಮಾವನವರ ಮನೆಯಲ್ಲಿ ಎಂಜಿಬಿ ಇದೆ. ಎರಡೂ ಬಟ್ಟೆಯ ಹುಡ್ ಹೊದ್ದ, ಇಬ್ಬರಷ್ಟೇ ಕೂರಬಹುದಾದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರುಗಳು. ಎರಡೂ ಮಾರುಕಟ್ಟೆಗೆ ಬಂದದ್ದು 1962ರಲ್ಲಿ, ಎರಡರ ತಯಾರಿಕೆಯೂ ನಿಂತದ್ದು 1980ರಲ್ಲಿ. ಇಷ್ಟು ಹೋಲಿಕೆ ಇರುವ ಕಡೆ ಜಗಳ ಹುಟ್ಟದೆ ಇನ್ನೆಲ್ಲಿ ಹುಟ್ಟಬೇಕು?

ಹೊರಗಿನವರು ಇದನ್ನು ವೇಗದ ಪೈಪೋಟಿ ಎಂದುಕೊಳ್ಳುತ್ತಾರೆ. ಮಾವನವರ ಎಂಜಿನ್ 1798 ಸಿಸಿ, ಅಪ್ಪನದು 1147 ಸಿಸಿ. ಕಾಗದದ ಮೇಲೆ ಆ ವ್ಯಾಜ್ಯ ಎಂದೋ ತೀರ್ಮಾನವಾಗಿದೆ. ಆದರೆ ನಮ್ಮ ರಸ್ತೆಗಳಲ್ಲಿ ಊರಿಗೊಂದು ಶಾಲೆ, ಶಾಲೆಗೆರಡು ಹಂಪು. ಹಂಪು ಕಂಡೊಡನೆ ಓರೆಯಾಗಿ, ಹೊಟ್ಟೆಯನ್ನು ನೆಲಕ್ಕೆ ಸವರಿಕೊಂಡು ದಾಟಬೇಕಾದ ಈ ಕಾರುಗಳನ್ನು, ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡಿನವರೂ ಹಿಂದೆ ಹಾಕಿ, ಕರುಣೆಯಿಂದ ತಿರುಗಿ ನೋಡಿ ಹೋಗುತ್ತಾರೆ. ಮಳೆ ಹಿಡಿದರಂತೂ ಹುಡ್‌ನ ಹೊಲಿಗೆಯಿಂದ ಇಳಿದ ನೀರು ನೇರವಾಗಿ ಡ್ರೈವರ್ ತೊಡೆಯ ಮೇಲೆ ಬೀಳುವುದರಿಂದ, ಜೂನ್ ತಿಂಗಳಲ್ಲಿ ಶೆಡ್ಡು ಸೇರಿದ ಕಾರುಗಳು ಆಯುಧಪೂಜೆಯ ಹೊತ್ತಿಗೇ ಹೊರಗೆ ಬರುವುದು. ಆದ್ದರಿಂದ ಬೀಗರಿಬ್ಬರ ನಡುವಿನ ಜಗಳ ವೇಗದ್ದಲ್ಲ, ಕುಲದ್ದು.

ಸ್ಪಿಟ್‌ಫೈರ್‌ನ ರೂಪು ತಿದ್ದಿದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಟ್ರಯಂಫ್ ಹೆರಾಲ್ಡ್ ಕಾರಿನ ರೂಪವೂ ಅವನದೇ, ಸ್ಪಿಟ್‌ಫೈರ್‌ನ ಎಂಜಿನ್ನು, ಸಸ್ಪೆನ್ಷನ್ನುಗಳ ಮೂಲವೂ ಅದೇ ಹೆರಾಲ್ಡ್. ಆ ಹೆರಾಲ್ಡ್ ನಮ್ಮ ದೇಶದಲ್ಲಿಯೇ, ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯಲ್ಲಿ ತಯಾರಾಗಿ, ಒಂದು ಕಾಲದಲ್ಲಿ ಡಾಕ್ಟರುಗಳ ಮತ್ತು ವಕೀಲರ ಮನೆಯ ಮುಂದೆ ಧಾರಾಳವಾಗಿ ನಿಂತಿರುತ್ತಿತ್ತು. ಈ ಸಂಗತಿ ತಿಳಿದ ದಿನ ಮಾವನವರು ಕಾಫಿ ಲೋಟ ಕೆಳಗಿಟ್ಟು, ಬಹಳ ವಿನಯದಿಂದ, "ಬೀಗರೇ, ಹೆರಾಲ್ಡಿನ ತಲೆ ಬೋಳಿಸಿದ ಮಾತ್ರಕ್ಕೆ ಅದು ಸ್ಪೋರ್ಟ್ಸ್ ಕಾರಾಗುತ್ತದೆಯೇ?" ಎಂದು ಕೇಳಿದರು. ಅಪ್ಪ ಆಗ ಏನೂ ಹೇಳಲಿಲ್ಲ. ಆದರೆ ಮನೆಗೆ ಬಂದವರು ಹಳೆಯ ಕೈಪಿಡಿಗಳನ್ನೆಲ್ಲ ಹರವಿಕೊಂಡು ಕೂತು, ಎಂಜಿಬಿಯ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಬುದನ್ನೂ, ಅದೇ ಸೀರೀಸಿನ 1489 ಸಿಸಿಯ ತಮ್ಮ ನಮ್ಮ ಅಂಬಾಸಿಡರ್ ಕಾರಿನೊಳಗೆ ಕೂತು ದಶಕಗಟ್ಟಲೆ ದುಡಿದಿದೆ ಎಂಬುದನ್ನೂ ಪತ್ತೆ ಹಚ್ಚಿದರು. ಮುಂದಿನ ಹಬ್ಬದ ಊಟಕ್ಕೆ ಎಲೆ ಹಾಕುವುದರೊಳಗೆ ಉತ್ತರ ಹೋಯಿತು: "ಹಾಗಾದರೆ ಡಿಸಿ ಸಾಹೇಬರಿಗೆ ಸರ್ಕಾರ ಕೊಟ್ಟಿದ್ದೂ ಸ್ಪೋರ್ಟ್ಸ್ ಕಾರೇ ಅನ್ನಿ, ಬೀಗರೇ."

ಈ ಎರಡು ವಾಕ್ಯಗಳು ಅಂದಿನಿಂದ ಅಕ್ಷರವೂ ಬದಲಾಗದೆ ಪ್ರತಿ ಹಬ್ಬಕ್ಕೂ ಪುನರಾವರ್ತನೆ ಆಗುತ್ತಿವೆ. ಒಮ್ಮೆ ನಾನು ಸಂಧಾನದ ಆಸೆಯಿಂದ, 1968ರಲ್ಲಿ ಎಂಜಿಯೂ ಟ್ರಯಂಫೂ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಕಂಪನಿಯೊಳಗೆ ಸೇರಿಹೋದವು, ಆಮೇಲಿನ ಲೆಕ್ಕದಲ್ಲಿ ಎರಡೂ ಒಂದೇ ಮನೆಯ ಕಾರುಗಳು ಎಂದು ಹೇಳಿನೋಡಿದೆ. ಅಪ್ಪ ಹಪ್ಪಳ ಮುರಿಯುತ್ತ, "ಮನೆ ಒಂದಾದರೇನು, ಒಲೆ ಬೇರೆ" ಎಂದರು. ಎಂಜಿಯನ್ನು ಕಟ್ಟುತ್ತಿದ್ದದ್ದು ಆಬಿಂಗ್ಡನ್ನಿನಲ್ಲಿ, ಟ್ರಯಂಫನ್ನು ಕವೆಂಟ್ರಿಯಲ್ಲಿ ಎಂಬುದು ಅದರ ಅರ್ಥ. ಮಾವನವರು ತಲೆಯಾಡಿಸಿದರು. ಅವರಿಬ್ಬರು ಯಾವುದಾದರೊಂದು ವಿಷಯವನ್ನು ಸರ್ವಾನುಮತದಿಂದ ಒಪ್ಪಿದ್ದು ನನಗೆ ತಿಳಿದಂತೆ ಅದೊಂದೇ.

ಕುಲದ ವಿಚಾರ ಮುಗಿದ ಮೇಲೆ ಬಾನೆಟ್ಟಿನ ವಿಚಾರ ಬರುತ್ತದೆ. ಸ್ಪಿಟ್‌ಫೈರ್‌ನ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಅಪ್ಪ ಮುಂದಿನ ಟೈರಿನ ಮೇಲೆ ಹಳೆಯ ಪೇಪರು ಹಾಸಿ ಕೂತು, ಪಕ್ಕದಲ್ಲಿ ಕಾಫಿ ಲೋಟ ಇಟ್ಟುಕೊಂಡು, ಬೆರಳಿಗೆ ಉಪ್ಪುಕಾಗದ ಸುತ್ತಿ ಪ್ಲಗ್ಗು ಉಜ್ಜುವುದನ್ನು ನೋಡಿದರೆ ರಿಪೇರಿಗಾಗಿಯೇ ಕಾರು ಕೊಂಡರೇನೋ ಅನ್ನಿಸುತ್ತದೆ. ಮಾವನವರಿಗೆ ಆ ಸುಖವಿಲ್ಲ. ಎಂಜಿಗೆ ಸೊಂಟ ಬಗ್ಗಿಸಲೇಬೇಕು, ಅವರ ಸೊಂಟವೋ ಬಗ್ಗುವ ವಯಸ್ಸು ದಾಟಿದೆ. "ನಮ್ಮದಕ್ಕೆ ಬಾನೆಟ್ ಎತ್ತುವ ಪ್ರಮೇಯವೇ ಬರುವುದಿಲ್ಲ" ಎಂದು ಅವರು ಹೇಳುವುದುಂಟು. ಅದು ಸುಳ್ಳಲ್ಲ, ಏಕೆಂದರೆ ಅದರ ರೋಗ ಇರುವುದು ಹಿಂಭಾಗದಲ್ಲಿ. ಅಲ್ಲಿ, ತಳದಲ್ಲಿ, ಎಸ್‌ಯು ಎಂಬ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಇದೆ. ಕೀ ತಿರುಗಿಸಿದೊಡನೆ ಅದು ಟಿಕ್ ಟಿಕ್ ಎನ್ನಬೇಕು. ಒಳಗಿನ ಪಾಯಿಂಟುಗಳು ಕಪ್ಪಾಗಿ ಅಂಟಿಕೊಂಡರೆ ಸದ್ದು ನಿಲ್ಲುತ್ತದೆ, ಸದ್ದು ನಿಂತರೆ ಕಾರೂ ನಿಲ್ಲುತ್ತದೆ. ಪ್ರಪಂಚದಾದ್ಯಂತ ಎಂಜಿ ಇಟ್ಟುಕೊಂಡವರು ಇದಕ್ಕೆ ಮಾಡುವ ಮೊದಲ ಚಿಕಿತ್ಸೆ ಪಂಪಿಗೆ ಒಂದು ಏಟು ಕೊಡುವುದು.

ಹಾಸನದಲ್ಲಿ ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಬೀಗರಿಬ್ಬರೂ ತಮ್ಮ ತಮ್ಮ ಕಾರಿನಲ್ಲಿಯೇ ಬರುತ್ತೇವೆಂದು ಹಟ ಹಿಡಿದಾಗ, ಅಮ್ಮ ಮತ್ತು ಅತ್ತೆ ಒಂದೂ ಮಾತಾಡದೆ ನನ್ನ ಸಾಧಾರಣ ಕಾರಿನ ಹಿಂದಿನ ಸೀಟಿನಲ್ಲಿ ಹೋಳಿಗೆಯ ಡಬ್ಬಿ ಸಮೇತ ಕೂತುಬಿಟ್ಟರು. ಡಿಕ್ಕಿಯಲ್ಲಿ ಹಗ್ಗ, ನೀರಿನ ಕ್ಯಾನು, ಸ್ಪ್ಯಾನರ್ ಸೆಟ್ಟು ಮತ್ತು ಪೂಜೆಯ ಬೆಳ್ಳಿ ದೀಪಗಳು ಒಟ್ಟಿಗೇ ಪ್ರಯಾಣ ಮಾಡಿದವು. ಬೇಲೂರು ಇನ್ನೇನು ಸಿಗಬೇಕು ಅನ್ನುವಾಗ ಎಂಜಿ ಎರಡು ಸಲ ಬಿಕ್ಕಿ ನಿಂತಿತು. ನಾನು ಬಿಳಿಯ ಪಂಚೆಯಲ್ಲಿ ಕೆಂಪು ಮಣ್ಣಿನ ಮೇಲೆ ಅಂಗಾತ ಮಲಗಿ ಸ್ಪ್ಯಾನರಿನಿಂದ ಪಂಪಿಗೆ ಬಡಿಯುತ್ತಿದ್ದರೆ, ಮೇಲಿನಿಂದ ಮಾವನವರು "ಮೆಲ್ಲಗೆ ಕಣಪ್ಪಾ, ತೆಂಗಿನಕಾಯಿ ಒಡೆಯುತ್ತಿದ್ದೀಯಾ?" ಎನ್ನುತ್ತಿದ್ದರು. ಟಿಕ್ ಟಿಕ್ ಬಂತು, ಹೋಯಿತು, ಮತ್ತೆ ಬಂತು, ಮತ್ತೆ ಬಾರದಂತೆ ಹೋಯಿತು.

ಮುಂದೆ ಹೋಗಿದ್ದ ಅಪ್ಪ ಕನ್ನಡಿಯಲ್ಲಿ ಬೀಗರು ಕಾಣಲಿಲ್ಲವೆಂದು ಹಿಂದಿರುಗಿದರು. ಸಹಾಯಕ್ಕೆ ಬಂದೆ ಎಂದು ಅವರು ಈಗಲೂ ಹೇಳುತ್ತಾರೆ. ಹಾರ್ನ್ ಒತ್ತುತ್ತಾ ಬಂದ ಉತ್ಸಾಹ ನೋಡಿದವರು ಬೇರೆ ಹೇಳುತ್ತಾರೆ. ನಮ್ಮೆದುರಿಗೇ ಒಂದು ಸುತ್ತು ತಿರುಗಿಸಿ ನಿಲ್ಲಿಸೋಣವೆಂದು ರಸ್ತೆ ಬದಿಯ ಮಣ್ಣಿನಲ್ಲಿ ಸ್ಟೇರಿಂಗನ್ನು ತುದಿ ಮುಟ್ಟುವವರೆಗೂ ಎಳೆದರು. ಕಟ್ ಎಂದು ಒಂದು ಸದ್ದಾಯಿತು. ಬಲಗಡೆಯ ಮುಂಚಕ್ರ ಮಡ್‌ಗಾರ್ಡಿನೊಳಗೆ ಓರೆಯಾಗಿ ಮಡಿಸಿಕೊಂಡು, ಕಾರಿನ ಮೂತಿ ನೆಲಕ್ಕೆ ಇಳಿಯಿತು. ಹೆರಾಲ್ಡ್ ವಂಶದ ಕಾರುಗಳಲ್ಲಿ ಮುಂಚಕ್ರವನ್ನು ಹೊತ್ತ ಉಕ್ಕಿನ ಕಂಬದ ತುದಿ, ಟ್ರನಿಯನ್ ಎಂಬ ಕಂಚಿನ ಭಾಗದೊಳಗೆ ಥ್ರೆಡ್ಡಿನ ಮೇಲೆ ತಿರುಗುತ್ತದೆ. ಅದಕ್ಕೆ ಕುಡಿಸಬೇಕಾದದ್ದು ಗೇರ್ ಆಯಿಲ್. ಊರಿನ ಮೆಕ್ಯಾನಿಕ್ಕು ವರ್ಷಗಟ್ಟಲೆ "ಗ್ರೀಸ್ ಹೊಡೆದಿದ್ದೀನಿ ಸಾರ್, ಚಿಂತೆ ಬಿಡಿ" ಎಂದಿದ್ದ.

ಮಾವನವರು ಕನ್ನಡಕ ಒರೆಸಿಕೊಂಡು ಸ್ಪಿಟ್‌ಫೈರ್‌ಗೆ ನಿಧಾನವಾಗಿ ಒಂದು ಪ್ರದಕ್ಷಿಣೆ ಬಂದರು. ಆಮೇಲೆ, "ನಮ್ಮದು ನಿಂತಿದೆ ಬೀಗರೇ, ನಿಮ್ಮದು ಮಂಡಿಯೂರಿದೆ" ಎಂದರು.

ಅಷ್ಟರಲ್ಲಿ ಹಾಸನದಿಂದ ಪುರೋಹಿತರ ಫೋನು ಬಂದು, ನನ್ನ ಹೆಂಡತಿ "ನೀವು ಇವರಿಬ್ಬರನ್ನು ನೋಡಿಕೊಂಡು ಬನ್ನಿ, ರೀ" ಎಂದು ಹೇಳಿ, ಅಮ್ಮ, ಅತ್ತೆ, ದೀಪ, ಹೋಳಿಗೆ ಸಮೇತ ನನ್ನ ಕಾರನ್ನು ಓಡಿಸಿಕೊಂಡು ಹೊರಟೇಹೋದಳು. ಹಗ್ಗ ಇಳಿಸಿಕೊಟ್ಟಿದ್ದಳು, ಅಷ್ಟು ಪುಣ್ಯ. ಬಹಳ ಹೊತ್ತಿನ ಮೇಲೆ ಶುಂಠಿ ಮೂಟೆ ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರ್ ಒಂದು ನಿಂತಿತು. ಅದರ ಹುಡುಗ ಕೆಳಗಿಳಿದು, ಎರಡೂ ಕಾರುಗಳನ್ನು ನೋಡಿ, "ಕೆಟ್ಟಿರೋ ಗಾಡಿ ಯಾವುದು ಸಾರ್?" ಎಂದು ಕೇಳಿದ. ಬೀಗರಿಬ್ಬರೂ ಒಂದೇ ಕ್ಷಣಕ್ಕೆ ಕೈಯೆತ್ತಿ ಒಬ್ಬರ ಕಾರನ್ನು ಇನ್ನೊಬ್ಬರು ತೋರಿಸಿದರು. ಹುಡುಗ ಇಬ್ಬರ ಮುಖವನ್ನೂ ನೋಡಿ, ಕೊನೆಗೆ ನನ್ನ ಪಂಚೆಯ ಮಣ್ಣನ್ನು ನೋಡಿ, ಎರಡು ಗಾಡಿಯ ಬಾಡಿಗೆಯನ್ನೂ ನನ್ನಿಂದಲೇ ಮುಂಗಡವಾಗಿ ಇಸಿದುಕೊಂಡ.