ಶನಿವಾರವಾಡೆಯಲ್ಲಿ ಶ್ರಾವಣ ಶನಿವಾರ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಸಂಸಾರ ಹೂಡಿದ ಗಂಡಹೆಂಡತಿ ಜೊತೆಜೊತೆಯಾಗಿ ಓಡಾಡುತ್ತಾರೆ ಎಂಬುದು ಊರಿನಲ್ಲಿರುವ ನಮ್ಮ ಬಂಧುಗಳ ಕಲ್ಪನೆ. ಲೋಕಲ್ ಗಾಡಿ ಬಂದ ಕೂಡಲೇ ಆತ ಒಂದು ಡಬ್ಬಿಗೂ ಈಕೆ ಮಹಿಳೆಯರ ಡಬ್ಬಿಗೂ ಓಡುತ್ತಾರೆ. ಮರಳಿ ಭೇಟಿಯಾಗುವುದು ಇಳಿಯುವ ನಿಲ್ದಾಣದ ಸೇತುವೆಯ ಕೆಳಗೆ, ಅದೂ ಇಬ್ಬರೂ ಒಂದೇ ಸೇತುವೆಯನ್ನು ನೆನಪಿಟ್ಟುಕೊಂಡಿದ್ದರೆ. ಮನೆಯೊಳಗಿನ ಸ್ಥಿತಿಯೂ ಇದಕ್ಕಿಂತ ಮೇಲೇನಲ್ಲ. ಒಂದು ಕೋಣೆ, ಹಾಲ್, ಅಡುಗೆಮನೆಯ ನಮ್ಮ ಫ್ಲ್ಯಾಟಿನಲ್ಲಿ ಅತ್ತೆಯವರಿದ್ದಾರೆ, ಸಿಎ ಪರೀಕ್ಷೆಗೆ ಓದುವ ಮಗನಿದ್ದಾನೆ, ಧಾರವಾಡದಿಂದ ಇಂಟರ್‌ವ್ಯೂಗೆಂದು ಬಂದು ಇಂಟರ್‌ವ್ಯೂ ಮುಗಿದು ಮಳೆಗಾಲ ಹಿಡಿದರೂ ಹೊರಡದ ಸೋದರಳಿಯನೊಬ್ಬನಿದ್ದಾನೆ. ಆದ್ದರಿಂದ ಇಪ್ಪತ್ತೈದನೆಯ ಮದುವೆಯ ವಾರ್ಷಿಕೋತ್ಸವಕ್ಕೆ ಬೆಳ್ಳಿಯ ಸಾಮಾನು ಬೇಡ, "ನಾವಿಬ್ಬರ ಎಲ್ಲೆರೆ ಹೋಗಿಬರೂಣು" ಎಂದು ನಮ್ಮವರು ಹೇಳಿದಾಗ, ಆ ಮಾತಿನಲ್ಲಿ ಊರಿಗಿಂತ "ಇಬ್ಬರ" ಎಂಬುದೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು.

ನಮ್ಮವರು ಬ್ಯಾಂಕಿನ ಆಡಿಟ್ ವಿಭಾಗದಲ್ಲಿದ್ದಾರೆ. ಗೋವಾ ದೂರ, ಲೋಣಾವಳೆಯಲ್ಲಿ ಮಳೆಗಾಲದ ಜಾತ್ರೆ, ಪುಣೆಯೇ ಸರಿ ಎಂದು ನಿರ್ಧರಿಸಿ, ರೈಲು, ಲಾಡ್ಜ್, ರಾತ್ರಿ ಎಂಟಕ್ಕೆ ಮೇಣದ ಬತ್ತಿಯ ಬೆಳಕಿನಲ್ಲಿ ಇಬ್ಬರಿಗೆಂದೇ ಒಂದು ಟೇಬಲ್ಲು, ಎಲ್ಲವನ್ನೂ ಅವರು ಕಾಗದದ ಮೇಲೆ ಕೋಷ್ಟಕ ಹಾಕಿ ಗೊತ್ತುಮಾಡಿದರು. ಸಕಲ ದಾಖಲೆಗಳನ್ನೂ ತಪಾಸಣೆ ಮಾಡುವ ಈ ಮನುಷ್ಯ ಪಂಚಾಂಗವೊಂದನ್ನು ನೋಡಿರಲಿಲ್ಲ. ನಮ್ಮ ಮದುವೆ ಆಷಾಢ ಕಳೆದ ಮೇಲೆ ಸಿಕ್ಕಿದ ಮೊದಲ ಮುಹೂರ್ತದಲ್ಲಿ ಆದದ್ದು. ಹಾಗಾಗಿ ವಾರ್ಷಿಕೋತ್ಸವ ಶನಿವಾರ ಬಂದರೆ ಅದು ಬಹುಮಟ್ಟಿಗೆ ಶ್ರಾವಣ ಶನಿವಾರವೇ ಆಗಿರುತ್ತದೆ. ನಮ್ಮ ಮನೆಯಲ್ಲಿ ಶ್ರಾವಣ ಶನಿವಾರವೆಂದರೆ ಒಪ್ಪತ್ತು. ಹಗಲು ಒಂದು ಹೊತ್ತು ಊಟ, ಅದೂ ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ್ದು. ರಾತ್ರಿ ಫರಾಳ, ಅಂದರೆ ಫಲಾಹಾರ, ಮಾತ್ರ. ಅತ್ತೆಯವರು ಇದನ್ನು ನೆನಪಿಸಿದ್ದು ನಾವು ಚಪ್ಪಲಿ ಹಾಕಿಕೊಂಡ ಮೇಲೆ.

ಕಲ್ಯಾಣದಲ್ಲಿ ಡೆಕ್ಕನ್ ಎಕ್ಸ್‌ಪ್ರೆಸ್ ಹತ್ತಿದೆವು. ಈ ಗಾಡಿಗೆ 2021ರಲ್ಲಿ ವಿಸ್ಟಾಡೋಮ್ ಡಬ್ಬಿಯೊಂದನ್ನು ಜೋಡಿಸಿದ್ದಾರೆ. ಅದಕ್ಕೆ ಗಾಜಿನ ಛಾವಣಿ, ಅಗಲವಾದ ಕಿಟಕಿಗಳು, ಬೇಕಾದ ದಿಕ್ಕಿಗೆ ತಿರುಗಿಸಿಕೊಳ್ಳಬಹುದಾದ ಜೋಡಿ ಆಸನಗಳು. ನಮ್ಮವರು ದುಬಾರಿ ಟಿಕೆಟ್ಟನ್ನು ಕೊಂಡದ್ದು ಆ ಜೋಡಿ ಆಸನಕ್ಕಾಗಿ. ಆದರೆ ಮುಂದಿನ ಸಾಲಿನ ಆಸನವನ್ನು ಮುಂಬಯಿಯಿಂದಲೇ ಬಂದ ಕುಟುಂಬವೊಂದು ನಮ್ಮ ಕಡೆಗೆ ತಿರುಗಿಸಿಟ್ಟಿತ್ತು. ಕಿಟಕಿಯ ಪಕ್ಕ ಅಜ್ಜಿ, ಅವರ ಮಗ್ಗುಲಲ್ಲಿ ಸೊಸೆ, ಸೊಸೆಯ ತೊಡೆಯ ಮೇಲೆ ಕೂಸು, ನಡುವಿನ ದಾರಿಯಲ್ಲಿ ತೇಪ್ಲಾದ ಡಬ್ಬಿ ಹಿಡಿದು ನಿಂತ ಮಗ, ಇಷ್ಟು ಜನ ನಮ್ಮೆದುರು. ನಾವಿಬ್ಬರು ಮೊಣಕಾಲು ಮಡಚಿ, ಕೈ ಕಟ್ಟಿ, ಅವರ ದೃಷ್ಟಿಯ ಕೆಳಗೆ ಹೆಣ್ಣು ನೋಡುವ ಶಾಸ್ತ್ರದಂತೆ ಕುಳಿತೆವು. ಇವರು ಆಸನದ ಕೆಳಗಿನ ಪೆಡಲನ್ನು ತುಳಿದು ನಮ್ಮದನ್ನು ಹಿಂದಕ್ಕೆ ತಿರುಗಿಸಿದರು. ಅಲ್ಲಿ ಕಾಲೇಜಿನ ಹುಡುಗರ ಗುಂಪೊಂದು ಇಸ್ಪೀಟಾಟಕ್ಕೆ ಇಬ್ಬರು ಕೈ ಕಡಿಮೆಯಾಗಿದ್ದಾರೆಂದು ಹರ್ಷದಿಂದ ನಮ್ಮನ್ನು ಸ್ವಾಗತಿಸಿತು. ಮತ್ತೆ ಅಜ್ಜಿಯ ಕಡೆಗೇ ತಿರುಗಿಕೊಂಡೆವು.

ಕರ್ಜತ್ತಿನಲ್ಲಿ ಘಾಟು ಹತ್ತುವ ಹೆಚ್ಚಿನ ಗಾಡಿಗಳಿಗೆ ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ನುಗಳನ್ನು ಜೋಡಿಸುತ್ತಾರೆ. 1863ರಲ್ಲಿ ಸಂಚಾರಕ್ಕೆ ತೆರೆದ ಈ ಭೋರ್ ಘಾಟಿನಲ್ಲಿ ಮೂವತ್ತೇಳು ಅಡಿ ಸಾಗುವಷ್ಟರಲ್ಲಿ ಒಂದಡಿ ಏರುವ ಕಡಿದಾದ ದಾರಿಯಿದೆ. ಎಂಜಿನ್ನು ಜೋಡಣೆಯಾಗುವ ಆ ಹೊತ್ತಿನಲ್ಲಿ ಕರ್ಜತ್ತಿನ ಬಿಸಿ ವಡಾಪಾವ್ ತಿನ್ನದೆ ಘಾಟು ಹತ್ತಿದವರನ್ನು ಪ್ರಯಾಣಿಕರೆಂದೇ ಯಾರೂ ಪರಿಗಣಿಸುವುದಿಲ್ಲ. ನಾವು ಒಪ್ಪತ್ತಿನವರು ಮುಖ ತಿರುಗಿಸಿ ಕುಳಿತಿದ್ದನ್ನು ಕಂಡು ಅಜ್ಜಿಗೆ ಕನಿಕರ ಹುಟ್ಟಿತು. ಬಟಾಟೆ ಉಪವಾಸಕ್ಕೆ ನಡೆಯುತ್ತದೆ, ಕಡಲೆಹಿಟ್ಟಿನ ಹೊದಿಕೆಯನ್ನು ಬಿಡಿಸಿ ಒಳಗಿನದನ್ನಷ್ಟೇ ತಿನ್ನಬಹುದು ಎಂದು ಅವರು ದಾರಿ ತೋರಿಸಿದರು. ಬಳ್ಳೊಳ್ಳಿ ಒಳಗಿನದರಲ್ಲಿಯೇ ಇರುತ್ತದೆ ಎಂದು ಇವರು ಆಕ್ಷೇಪವೆತ್ತಿದರು. ಉಪವಾಸದಂದು ಸಾಬುದಾಣೆ ಖಿಚಡಿ, ವರಿ ಅಕ್ಕಿ, ಶೇಂಗಾ ಉಂಡೆ ಎಂದು ನಿತ್ಯಕ್ಕಿಂತ ಹೆಚ್ಚು ತಿನ್ನುವ ಮಹಾರಾಷ್ಟ್ರದವರು ತಾವೇ ಇದನ್ನು "ಏಕಾದಶಿ, ದುಪ್ಪಟ ಖಾಶಿ" ಎಂದು ನಗೆಯಾಡುತ್ತಾರೆ. ಅಂಥ ನಾಡಿನಲ್ಲಿ ನಿಜವಾಗಿಯೂ ಹಸಿದಿದ್ದವರು ಆ ಡಬ್ಬಿಯಲ್ಲಿ ನಾವಿಬ್ಬರೇ ಇದ್ದಿರಬೇಕು. ಘಾಟಿನಲ್ಲಿ ಜಲಪಾತಗಳು ಇದ್ದವೆಂದು ಕೇಳಿದ್ದೇನೆ. ಮಂಜು ಕವಿದು ಗಾಜಿನ ಛಾವಣಿ, ಗಾಜಿನ ಗೋಡೆ ಎಲ್ಲವೂ ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ಸುರಂಗ ಬಂದಾಗ ಕಪ್ಪಗಾಗುತ್ತಿದ್ದವು. ಅಷ್ಟರಲ್ಲಿ ಅಜ್ಜಿ ನಮಗೆ ಒಬ್ಬನೇ ಮಗನೇಕೆ ಎಂಬ ಪ್ರಶ್ನೆಗೆ ಬಂದಿದ್ದರು.

ಸದಾಶಿವ ಪೇಟೆಯಲ್ಲಿ ಹಳೆಯ ವಾಡೆಯೊಂದನ್ನು ಹಸನುಗೊಳಿಸಿ ಮಾಡಿದ ಲಾಡ್ಜ್ ನಮ್ಮದು. ಪುಣೆಯ ಫಲಕಗಳ ಕೀರ್ತಿ ಮೊದಲೇ ಕೇಳಿದ್ದರೂ ಕಣ್ಣಾರೆ ಕಂಡದ್ದು ಅಲ್ಲಿಯೇ. ಕರೆಗಂಟೆಯ ಪಕ್ಕದಲ್ಲಿ "ಒಮ್ಮೆ ಒತ್ತಿದರೆ ಸಾಕು, ನಾವು ಕಿವುಡರಲ್ಲ" ಎಂದಿತ್ತು. ಕೌಂಟರಿನಲ್ಲಿದ್ದ ಮ್ಯಾನೇಜರು ನಮ್ಮ ಆಧಾರ್ ಕಾರ್ಡುಗಳನ್ನು ಜೋಡಿಸಿಟ್ಟು ಬಹಳ ಹೊತ್ತು ನೋಡಿದರು. ಇವರದರಲ್ಲಿ ಡೊಂಬಿವಲಿಯ ವಿಳಾಸ. ನನ್ನದು ತಂದೆಯವರ ಆರೈಕೆಗೆಂದು ತವರಿನಲ್ಲಿದ್ದಾಗ ಮಾಡಿಸಿದ್ದಾದ್ದರಿಂದ ಅದರಲ್ಲಿ ಧಾರವಾಡದ ವಿಳಾಸವೂ ತವರಿನ ಅಡ್ಡಹೆಸರೂ ಇವೆ. ದಂಪತಿಗಳೆನ್ನಲು ಬೇರೇನಾದರೂ ಪುರಾವೆ ಇದೆಯೇ ಎಂದು ಅವರು ಅತ್ಯಂತ ವಿನಯದಿಂದ ವಿಚಾರಿಸಿದರು. ಕತ್ತಿನ ಮಂಗಳಸೂತ್ರವನ್ನು ಸೆರಗಿನಿಂದ ಹೊರಗೆ ತೆಗೆದೆ. ಅದು ಸರ್ಕಾರಿ ದಾಖಲೆಯಲ್ಲವೆಂದು ಅವರ ಮುಖಭಾವ ಹೇಳಿತು. ಇವರು ಫೋನಿನಲ್ಲಿದ್ದ ಜಂಟಿ ಠೇವಣಿಯ ರಸೀದಿಯನ್ನು ತೋರಿಸಿದರು. ಅಣ್ಣತಂಗಿಯರೂ ಜಂಟಿಯಾಗಿ ಠೇವಣಿ ಇಡಬಹುದಲ್ಲವೇ ಎಂದು ಮ್ಯಾನೇಜರು ಕೇಳಿದಾಗ ಇವರು ಬಾಯಿತಪ್ಪಿ "ಹೌದು, ನಿಯಮದ ಪ್ರಕಾರ ಇಡಬಹುದು" ಎಂದುಬಿಟ್ಟರು. ಆಡಿಟ್ ಇಲಾಖೆಯವರನ್ನು ಮದುವೆಯಾಗುವ ಹುಡುಗಿಯರು ಇದನ್ನು ಗಮನಿಸಬೇಕು.

ಅಷ್ಟರಲ್ಲಿ ಅತ್ತೆಯವರ ಫೋನು ಬಂತು. ಕೈಯಲ್ಲಿ ಚೀಲವಿದ್ದುದರಿಂದ ಸ್ಪೀಕರಿಗೆ ಹಾಕಿದೆ.

"ಮುಟ್ಟಿದ್ರೇನವಾ? ಅಂವ ಏನರೆ ತಿಂದಾನೇನು? ಹೆಂಡ್ತಿ ಜೋಡಿ ಹೋಗೇನಿ ಅಂತ ಶನಿವಾರ ಮರ್ತಗಿರ್ತಾನ, ಮೊದಲ ಹಸಿವಿ ತಡಿಯೂದುಲ್ಲ ಅಂವಗ."

ಮ್ಯಾನೇಜರರ ಮುಖ ಅರಳಿತು. ಅವರು ಸೊಲ್ಲಾಪುರದವರು, ಮನೆಮಾತು ಕನ್ನಡ. "ಯವ್ವಾ, ನೀವೇನ ಕಾಳಜಿ ಮಾಡಬ್ಯಾಡ್ರಿ, ನಂದೂ ಇವತ್ತ ಒಪ್ಪತ್ತೈತ್ರಿ, ನಾ ನೋಡ್ಕೋತೀನಿ" ಎಂದು ಅವರು ಕೌಂಟರಿನಿಂದಲೇ ಬಾಗಿ ನನ್ನ ಫೋನಿಗೆ ಉತ್ತರ ಕೊಟ್ಟರು. ನಮ್ಮ ದಾಂಪತ್ಯ ಆ ಕ್ಷಣದಲ್ಲಿ ನಿರ್ವಿವಾದವಾಗಿ ಸಾಬೀತಾಯಿತು. ಅತ್ತೆಯವರು ಅವರ ನಂಬರು ತೆಗೆದುಕೊಂಡರು. ನಮ್ಮ ಪ್ರವಾಸದ ಆಡಳಿತ ಅಲ್ಲಿಂದ ಮುಂದೆ ಆ ಇಬ್ಬರ ಕೈಗೆ ಹೋಯಿತು.

ಹಗಲಿನ ಒಂದು ಊಟ ಮುಗಿಸಿ ಶನಿವಾರವಾಡೆಗೆ ಹೊರಟೆವು. ಮೊದಲನೆಯ ಬಾಜೀರಾವ್ ಪೇಶ್ವೆ ಇದಕ್ಕೆ ಅಡಿಗಲ್ಲು ಇಟ್ಟದ್ದು 1730ರ ಜನವರಿ 10ರಂದು, ಗೃಹಪ್ರವೇಶವಾದದ್ದು 1732ರ ಜನವರಿ 22ರಂದು. ಎರಡೂ ಶನಿವಾರಗಳಾದ್ದರಿಂದ ಆ ಹೆಸರು. ಕಟ್ಟಲು 16,110 ರೂಪಾಯಿ ತಗುಲಿತೆಂದು ಹೇಳುತ್ತಾರೆ. ಇದನ್ನು ಕೇಳಿದ್ದೇ ಇವರು ಟಿಕೆಟ್ಟು, ಬಾಡಿಗೆ, ರಿಕ್ಷಾ ಎಲ್ಲವನ್ನೂ ಕೂಡಿಸಿ, ನಮ್ಮ ವಾರಾಂತ್ಯದ ಖರ್ಚು ಪೇಶ್ವೆಯವರದನ್ನು ಮೀರದಂತೆ ನೋಡಿಕೊಳ್ಳಬೇಕೆಂದು ಘೋಷಿಸಿದರು. ಆನೆಗಳು ಹಣೆಯಿಂದ ಗುದ್ದಿ ಒಡೆಯದಿರಲೆಂದು ಮೊಳೆಗಳನ್ನು ಹೊಡೆದ ದಿಲ್ಲಿ ದರವಾಜೆಯನ್ನು ದಾಟಿದರೆ ಒಳಗೆ ಅರಮನೆಯಿಲ್ಲ. 1828ರ ಬೆಂಕಿಯಲ್ಲಿ ಅದೆಲ್ಲ ಸುಟ್ಟುಹೋಗಿ ಈಗ ಜಗಲಿಗಳೂ ಹುಲ್ಲುಹಾಸೂ ಉಳಿದಿವೆ. ಆ ಜಗಲಿಗಳ ಮೇಲೆ, ಮರಗಳ ಕೆಳಗೆ, ಗೋಡೆಯ ಮೂಲೆಮೂಲೆಯಲ್ಲಿ ಕಾಲೇಜಿನ ಜೋಡಿಗಳು ಕೊಡೆ ಬಿಚ್ಚಿ ಕುಳಿತಿದ್ದವು. ಇದೇ ವಾಡೆಯಲ್ಲಿ 1773ರಲ್ಲಿ ಎಳೆಯ ಪೇಶ್ವೆ ನಾರಾಯಣರಾಯನನ್ನು ಕೊಂದರು; ಹುಣ್ಣಿಮೆಯ ರಾತ್ರಿ "ಕಾಕಾ, ಮಲಾ ವಾಚವಾ" (ಕಾಕಾ, ನನ್ನನ್ನು ಉಳಿಸಿ) ಎಂಬ ಅವನ ಕೂಗು ಈಗಲೂ ಕೇಳುತ್ತದೆಯೆಂದು ಪುಣೆಯವರ ನಂಬಿಕೆ. ಭೂತದ ಕಥೆಗೆ ಹೆದರದ ಆ ಜೋಡಿಗಳು ನಮ್ಮನ್ನು ಕಂಡು ಹೆದರಿದವು. ನಾವು ಯಾವ ಜಗಲಿಯ ಕಡೆ ನಡೆದರೂ ಕೊಡೆಗಳು ಇನ್ನಷ್ಟು ಬಾಗುತ್ತಿದ್ದವು, ಹುಡುಗಿಯರು ಓಢಣಿಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದರು. ಕೊನೆಗೆ ಒಬ್ಬ ಕಾವಲುಗಾರ ನಮ್ಮ ಬಳಿ ಬಂದು, ದನಿ ತಗ್ಗಿಸಿ, ಮಗಳನ್ನು ಹುಡುಕುತ್ತಿದ್ದೀರಾ, ಯಾವ ಬಣ್ಣದ ಡ್ರೆಸ್ಸು ಎಂದು ಮರಾಠಿಯಲ್ಲಿ ಕೇಳಿದ. ಇಂದು ನಮ್ಮ ವಾರ್ಷಿಕೋತ್ಸವ ಎಂದು ಇವರು ಬಿಗಿಯಾಗಿ ಉತ್ತರಿಸಿದರು. ಆತ ಅದನ್ನು ನಂಬಲಿಲ್ಲವೆಂದೇ ತೋರುತ್ತದೆ. ನಾವು ಹೊರಗೆ ಹೋಗುವವರೆಗೂ ಹಿಂದೆಯೇ ಬಂದ.

ಮೇಣದ ಬತ್ತಿಯ ಟೇಬಲ್ಲನ್ನು ರದ್ದುಮಾಡಿ, ಒಪ್ಪತ್ತಿಗೆ ಬಾಧಕವಿಲ್ಲದ ಫರಾಳಕ್ಕಾಗಿ ಹುಡುಕಿ, ಹಾಲೂ ಹಣ್ಣೂ ಸೇರಿದ ಪದಾರ್ಥವೆಂಬ ಆಧಾರದ ಮೇಲೆ ಮಾವಿನ ಮಸ್ತಾನಿಯನ್ನು ಆರಿಸಿಕೊಂಡೆವು. ಬಾಜೀರಾವನ ಪ್ರಿಯೆಯ ಹೆಸರಿನ ಈ ಪಾನೀಯ ಪುಣೆಯದೇ ವಿಶೇಷ. ಗಟ್ಟಿಯಾದ ಮಿಲ್ಕ್‌ಶೇಕಿನ ಎತ್ತರದ ಗ್ಲಾಸು, ಮೇಲೊಂದು ಐಸ್‌ಕ್ರೀಮಿನ ಗುಡ್ಡೆ, ಅದರ ಮೇಲೆ ಬಾದಾಮಿ ಪಿಸ್ತಾದ ಚೂರು. ಇವರು ಒಂದೇ ಗ್ಲಾಸು, ಎರಡು ಸ್ಟ್ರಾ ಹೇಳಿದರು. ಆ ಹೊತ್ತಿಗಾಗಲೇ ನನಗೆ ಸ್ವಲ್ಪ ನಾಚಿಕೆಯೂ ಸಂತೋಷವೂ ಆಗತೊಡಗಿದ್ದವು. ತಲೆಗೆ ತಲೆ ತಾಗಿಸಿ ಎಳೆದೆವು. ನನ್ನ ಸ್ಟ್ರಾದಲ್ಲಿ ಏನೋ ಒಂದಿಷ್ಟು ಬಂತು, ಇವರದರಲ್ಲಿ ಪಿಸ್ತಾದ ಚೂರು ಸಿಕ್ಕಿಕೊಂಡಿತು. ಇವರು ಕೆನ್ನೆ ಒಳಹೋಗುವವರೆಗೆ ಎಳೆದರು, ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ, ಆಮೇಲೆ ಉಪಾಯಗಾಣದೆ ಊದಿದರು. ಪಿಸ್ತಾ ತೆರವಾಯಿತು. ಜೊತೆಗೆ ಐಸ್‌ಕ್ರೀಮಿನ ಗುಡ್ಡೆಯೂ ಅಂಚನ್ನು ದಾಟಿ, ನಾನು ಇಳಕಲ್ ಸೀರೆಯ ಮೇಲೆ ಹೊದ್ದಿದ್ದ ಶಾಲಿನ ಮೇಲೆ ನಿಧಾನವಾಗಿ ಜಾರಿ ಕುಳಿತಿತು. ಪಕ್ಕದ ಬೆಂಚಿನ ಹುಡುಗನೊಬ್ಬ ತನ್ನ ಚಮಚವನ್ನು ನಮಗೆ ಕೊಟ್ಟ.

ಲಾಡ್ಜಿನ ಕೋಣೆಯಲ್ಲಿ ಸೊಲ್ಲಾಪುರದವರು ಗುಲಾಬಿ ಪಕಳೆಗಳಿಂದ ಹಾಸಿಗೆಯ ಮೇಲೆ ದೊಡ್ಡ ಹೃದಯ ಬಿಡಿಸಿದ್ದರು. ಎರಡು ಮಂಚಗಳನ್ನು ಕೂಡಿಸಿಟ್ಟಿದ್ದರಿಂದ ಹೃದಯದ ನಡುವೆ ಸರಿಯಾಗಿ ಒಂದು ಬಿರುಕು ಬಿದ್ದಿತ್ತು. ಒಳ್ಳೆಯ ಪಕಳೆಗಳೆಲ್ಲ ಅದರೊಳಗೆ ಇಳಿದುಹೋಗಿದ್ದವು. ಟವೆಲಿನ ಹಂಸಗಳನ್ನು ಬಿಚ್ಚಿ ಇವರು ಸ್ನಾನಕ್ಕೆ ಹೋದರು. ರಾತ್ರಿ ಹನ್ನೆರಡಕ್ಕೆ ಬಾಗಿಲು ಬಡಿದ ಸದ್ದಾಯಿತು. ಕೇಕು ಹಿಡಿದ ಮ್ಯಾನೇಜರು, ಅವರ ಹಿಂದೆ ಲಾಡ್ಜಿನ ಹುಡುಗರು. ಮೊಟ್ಟೆಯಿಲ್ಲದ ಕೇಕು, ಶನಿವಾರವೂ ಈಗಷ್ಟೇ ಮುಗಿಯಿತು ಎಂದು ಅವರು ಸಂಭ್ರಮದಿಂದ ಚಾಕು ಮುಂದೆ ಮಾಡಿದರು. ನಮ್ಮವರು ಚಾಕು ಹಿಡಿದವರು ತಡೆದರು. ದಿನ ಬದಲಾಗುವುದು ಹನ್ನೆರಡಕ್ಕೋ ಸೂರ್ಯೋದಯಕ್ಕೋ ಎಂಬ ಸಂದೇಹ ಅವರಿಗೆ ಬಂದಿತ್ತು. ಬ್ಯಾಂಕಿನ ಲೆಕ್ಕಕ್ಕೆ ಹನ್ನೆರಡು ಗಂಟೆಯೇ ಸರಿ, ಆದರೆ ವ್ರತಕ್ಕೆ? ಮ್ಯಾನೇಜರೂ ಒಪ್ಪತ್ತಿನವರಾದ್ದರಿಂದ ಗಾಬರಿಗೊಂಡರು. ಡೊಂಬಿವಲಿಗೆ ಫೋನು ಹೋಯಿತು. ಅತ್ತೆಯವರು ಎಚ್ಚರವಾಗಿಯೇ ಇದ್ದರು.

"ಹೊತ್ತು ಹುಟ್ಟೂತನಾ ಶನಿವಾರನ ಅದ. ಇಷ್ಟ ವರ್ಷ ತಡದೀರಿ, ಇನ್ನ ಆರು ತಾಸು ತಡಿಯಾಕ ಆಗೂದಿಲ್ಲೇನು?"

ಕೇಕು ಫ್ರಿಜ್ಜಿಗೆ ಹೋಯಿತು. ಬೆಳಗಿನ ಆರೂಕಾಲಿಗೆ, ಮೋಡದ ಹಿಂದೆ ಸೂರ್ಯ ಹುಟ್ಟಿದನೆಂದು ಫೋನಿನಲ್ಲಿ ಖಚಿತಪಡಿಸಿಕೊಂಡು, ಹಲ್ಲುಜ್ಜಿದ ಬಾಯಲ್ಲಿ, ಲಾಡ್ಜಿನ ಸಿಬ್ಬಂದಿಯ ಸಮಕ್ಷಮದಲ್ಲಿ ನಾವು ಕೇಕು ಕತ್ತರಿಸಿದೆವು. ಇವರ ಬಿಳಿಯ ಬನಿಯನ್ನಿನ ಬೆನ್ನಿಗೆಲ್ಲ ಪಕಳೆಗಳ ಗುಲಾಬಿ ಬಣ್ಣ ಹತ್ತಿತ್ತು. ಚಪ್ಪಾಳೆಯ ಸದ್ದು ಇಳಿಯುವ ಮೊದಲೇ ಮೆಟ್ಟಿಲಲ್ಲಿ ಪರಿಚಿತ ದನಿ ಕೇಳಿತು. ಕೋಥ್ರೂಡಿನಲ್ಲಿರುವ ಭಾವನವರು, ಅಂದರೆ ಇವರ ದೊಡ್ಡಪ್ಪನ ಮಗ, ನೆಗೆಣ್ಣಿ, ಅವರ ಮಕ್ಕಳು, ಮೊಮ್ಮಗು, ಹೋಳಿಗೆಯ ದೊಡ್ಡ ಡಬ್ಬಿ. ರಾತ್ರಿ ಎಚ್ಚರವಾಗಿದ್ದ ಅತ್ತೆಯವರು ಅವರಿಗೂ ಫೋನು ಮಾಡಿದ್ದರು.

"ಪುಣೆಗೆ ಬಂದು ಲಾಡ್ಜಿನ್ಯಾಗ ಇಳದೀರಲಾ, ನಾವೇನು ಸತ್ತೇವೇನು?" ಎಂದು ನೆಗೆಣ್ಣಿ ನನ್ನನ್ನು ಅಪ್ಪಿಕೊಂಡರು.

ಆ ಭಾನುವಾರ ಭಾವನವರ ಅಧೀನದಲ್ಲಿ ಕಳೆಯಿತು. ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರಕ್ಕೆ ಕರೆದೊಯ್ದು, ರಾಷ್ಟ್ರಕೂಟರ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಬಂಡೆಯನ್ನೇ ಕೊರೆದು ಮಾಡಿದ ಆ ಗುಹಾದೇವಾಲಯದ ದುಂಡನೆಯ ನಂದಿಮಂಟಪವನ್ನು ತಾವೇ ಕೊರೆಸಿದವರ ಗತ್ತಿನಲ್ಲಿ ತೋರಿಸಿದರು. ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಸಂಗೀತೋತ್ಸವ ಆರಂಭಿಸದಿದ್ದರೆ ಪುಣೆಯವರಿಗೆ ಕಿವಿಯೇ ಇರುತ್ತಿರಲಿಲ್ಲವೆಂದರು. ಮಧ್ಯಾಹ್ನ ಮುಚ್ಚಿದ ಲಕ್ಷ್ಮೀ ರಸ್ತೆಯ ಅಂಗಡಿಗಳು ನಾಲ್ಕರ ಒಳಗೆ ತೆರೆಯುತ್ತವೆಂಬ ಆಸೆ ಇಟ್ಟುಕೊಳ್ಳಬಾರದೆಂದು ನನ್ನ ಸೀರೆಯ ಯೋಜನೆಯನ್ನು ರದ್ದುಗೊಳಿಸಿದರು. ಫರ್ಗ್ಯುಸನ್ ಕಾಲೇಜ್ ರಸ್ತೆಯ ಉಡುಪಿ ಹೋಟೆಲೊಂದರಲ್ಲಿ ಮೂರು ಟೇಬಲ್ಲುಗಳನ್ನು ಕೂಡಿಸಿ ಮಾಡಿದ ಊಟಕ್ಕೆ ಡ್ಯೂಟಿ ಮುಗಿಸಿದ ಸೊಲ್ಲಾಪುರದ ಮ್ಯಾನೇಜರೂ ಬಂದಿದ್ದರು. ವಾರ್ಷಿಕೋತ್ಸವದ ಏಕೈಕ ಫೋಟೊ ಅಲ್ಲಿಯೇ ತೆಗೆದದ್ದು. ಎಲ್ಲರೂ ಚೌಕಟ್ಟಿನಲ್ಲಿ ಹಿಡಿಸಬೇಕೆಂದು ಮಾಣಿ ಹೇಳಿದ್ದರಿಂದ ನಾನು ಎಡತುದಿಯಲ್ಲಿಯೂ ಇವರು ಬಲತುದಿಯಲ್ಲಿಯೂ ನಿಂತಿದ್ದೇವೆ. ಇವರ ಒಂದು ಕಿವಿ ಫೋಟೊದ ಹೊರಗಿದೆ.

ಕಾಫಿ ಬರುವ ಹೊತ್ತಿಗೆ ಭಾವನವರು ಮುಂದಿನ ವರ್ಷ ಮಹಾಬಳೇಶ್ವರಕ್ಕೆ ಹೋಗೋಣವೆಂದರು. ಟೆಂಪೊ ಟ್ರಾವೆಲರ್ ಗೊತ್ತುಮಾಡಿದರೆ ತಲೆಗೆ ಬಹಳ ಕಡಿಮೆ ಬೀಳುತ್ತದೆ, ಕಾಕುನ್ನೂ, ಅಂದರೆ ನಮ್ಮ ಅತ್ತೆಯವರನ್ನೂ, ಕರೆತರಬಹುದು ಎಂದರು. ನಾನು ಇವರ ಕಡೆ ನೋಡಿದೆ. ಇವರು ಆಗಲೇ ಬಿಲ್ಲನ್ನು ಮಗುಚಿ, ಹಿಂಬದಿಯಲ್ಲಿ ಗೆರೆ ಎಳೆದು, ಮೊಮ್ಮಗುವಿಗೆ ಅರ್ಧ ಟಿಕೆಟ್ ಹಿಡಿಯಬೇಕೋ ಬೇಡವೋ ಎಂದು ನೆಗೆಣ್ಣಿಯವರನ್ನು ಕೇಳುತ್ತಿದ್ದರು.