ತೋಟಗಾರಿಕೆ ಪದವಿ ಓದಿ ಬದುಕು ಕಟ್ಟಿಕೊಳ್ಳಬಹುದೇ?

ಪರ

ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಪಿಯುಸಿ ಮುಗಿಸಿದ ಮಕ್ಕಳು ತೋಟಗಾರಿಕೆ ಓದುತ್ತೇವೆ ಎಂದರೆ ಮನೆಯ ಹಿರಿಯರು ಮೊದಲು ಕೇಳುವುದು ‘ಹೊಲದಾಗ ದುಡಿಯಾಕ ಕಾಲೇಜ್ ಯಾಕ ಬೇಕು?’ ಎಂದು. ಈ ಪ್ರಶ್ನೆಗೆ ಉತ್ತರ ಬೇಕಾದರೆ ರೋಗ ಬಿದ್ದ ದಾಳಿಂಬೆ ತೋಟಕ್ಕೇ ಹೋಗಬೇಕು.

ಕಾಯಿಯ ಮೇಲೆ ಕಪ್ಪು ಚುಕ್ಕೆ ಕಂಡ ಕೂಡಲೇ ರೈತ ಔಷಧದ ಅಂಗಡಿಗೆ ಹೋಗುತ್ತಾನೆ, ಅವರು ಕೊಟ್ಟ ಶಿಲೀಂಧ್ರನಾಶಕವನ್ನು ತಂದು ಸಿಂಪಡಿಸುತ್ತಾನೆ, ಚುಕ್ಕೆ ಮಾತ್ರ ಹಬ್ಬುತ್ತಲೇ ಇರುತ್ತದೆ. ಅದು ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಅಂಗಮಾರಿ ರೋಗವಾಗಿದ್ದರೆ ಶಿಲೀಂಧ್ರಕ್ಕೆಂದು ತಯಾರಾದ ಬಹುಪಾಲು ಔಷಧಗಳಿಂದ ಅಲ್ಲಿ ಪ್ರಯೋಜನವಿಲ್ಲ. ಓದಿದವರು ಎಲೆಯನ್ನು ಬೆಳಕಿಗೆ ಹಿಡಿದು ಚುಕ್ಕೆ ನೀರು ಹೀರಿದಂತೆ ಕಾಣುತ್ತದೆಯೇ, ಅದರ ಸುತ್ತ ಹಳದಿ ಅಂಚಿದೆಯೇ, ಕಾಯಿಯ ಸಿಪ್ಪೆ ‘ಎಲ್’ ಅಥವಾ ‘ವೈ’ ಅಕ್ಷರದಂತೆ ಸೀಳಿದೆಯೇ ಎಂದು ನೋಡುತ್ತಾರೆ. ಔಷಧದ ಹೆಸರು ಹೇಳುವ ಮೊದಲು ಸಸಿ ಎಲ್ಲಿಂದ ಬಂತು, ಚಾಟ್ನಿಯ, ಅಂದರೆ ರೆಂಬೆ ಸವರುವ ಕೆಲಸದ, ಕತ್ತರಿಯನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಶುದ್ಧಮಾಡಿದ್ದರೇ ಎಂದು ವಿಚಾರಿಸುತ್ತಾರೆ, ಏಕೆಂದರೆ ಈ ರೋಗ ಸಸಿಯ ಜೊತೆಗೇ ಬರುತ್ತದೆ, ಕತ್ತರಿಯಿಂದಲೂ ಮಳೆಹನಿಯಿಂದಲೂ ಹರಡುತ್ತದೆ. ಈ ರೋಗಕ್ಕೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಸಿಂಪಡಿಸುವ ಮುನ್ನ ಕುಡುಗೋಲಿನ ತುದಿಯನ್ನು ಅದರಲ್ಲಿ ಅದ್ದಿ, ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೆರೆಸಬೇಕು, ಇಲ್ಲವಾದರೆ ಎಲೆ ಸುಡುತ್ತದೆ ಎಂಬ ಎಚ್ಚರ ಹಲವರಿಗಿಲ್ಲ. ಕಾಲೇಜು ಈ ಎಚ್ಚರವನ್ನೂ ಅದರ ಹಿಂದಿನ ಕಾರಣವನ್ನೂ ಕಲಿಸುತ್ತದೆ.

ದ್ರಾಕ್ಷಿಯಲ್ಲಿ ಈ ವಿದ್ಯೆಗೆ ಇನ್ನೂ ಹೆಚ್ಚಿನ ಬೆಲೆಯಿದೆ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಬೆಳೆಗಾರರು ಅಕ್ಟೋಬರ್ ಚಾಟ್ನಿಗೆ ಮುಂಚೆ ಕಡ್ಡಿಯ ಕಣ್ಣುಗಳನ್ನು (ಚಿಗುರು ಒಡೆಯುವ ಮೊಗ್ಗುಗಳನ್ನು) ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿದರೆ, ಎಷ್ಟನೆಯ ಕಣ್ಣಿನಲ್ಲಿ ಗೊನೆ ಕೂತಿದೆ, ಎಲ್ಲಿಗೆ ಕತ್ತರಿ ಹಾಕಬೇಕು ಎಂಬುದು ಖಚಿತವಾಗುತ್ತದೆ. ಇಂಥ ಪರೀಕ್ಷೆ ಮಾಡಿಕೊಡುವ ಪದವೀಧರನಿಗೆ ತನ್ನೂರಿನಲ್ಲೇ ಕೆಲಸವುಂಟು. ನಾಲ್ಕು ಕಿಲೋ ದ್ರಾಕ್ಷಿಯಿಂದ ಸುಮಾರು ಒಂದು ಕಿಲೋ ಒಣದ್ರಾಕ್ಷಿ ಬರುವ ಉದ್ಯಮದಲ್ಲಿ ಬಣ್ಣ ಕೆಡದಂತೆ ಒಣಗಿಸುವುದು, ದರ್ಜೆ ವಿಂಗಡಿಸುವುದು, ಶೈತ್ಯಾಗಾರದಲ್ಲಿ ಕಾಪಾಡುವುದು, ಇವೆಲ್ಲ ಓದಿದವರು ಕೈಹಾಕಬಹುದಾದ ಕೆಲಸಗಳೇ. 2023ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಇಂಡಿ ಲಿಂಬೆಗೂ ರೋಗವಿಲ್ಲದ ಸಸಿ ಬೆಳೆಸಿಕೊಡುವ ನರ್ಸರಿಗಳು ಬೇಕು.

ಇದಕ್ಕಾಗಿ ದೂರದ ಊರಿಗೆ ಹೋಗಬೇಕಿಲ್ಲ. ಬೆಳಗಾವಿ ಜಿಲ್ಲೆಯ ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವಿದೆ, ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ರೈತರ ಮಕ್ಕಳಿಗೆ ಸಿಇಟಿಯಲ್ಲಿ ಕೃಷಿಕರ ಕೋಟಾ ಕೂಡ ಇದೆ.

ವಿರೋಧ

ವಿದ್ಯೆಯ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು, ಆದರೆ ಆ ಬೆಲೆಯನ್ನು ಪದವೀಧರನ ಕೈಗೆ ಕೊಡುವವರು ಯಾರು? ರೋಗ ಗುರುತಿಸಿ ಹೇಳಿದ ಸಲಹೆಗೆ ಶುಲ್ಕ ಕೊಡುವ ರೂಢಿ ನಮ್ಮ ರೈತರಲ್ಲಿ ಇನ್ನೂ ಬೇರೂರಿಲ್ಲ. ಅಂಗಡಿಯವರು ಔಷಧದ ಜೊತೆಗೆ ಸಲಹೆಯನ್ನು ಪುಕ್ಕಟೆ ಕೊಡುತ್ತಾರೆ, ಅದು ತಪ್ಪಾದರೂ ಪುಕ್ಕಟೆಯೇ. ಹೀಗಾಗಿ ನಾಲ್ಕು ವರ್ಷ ಓದಿ ಬಂದ ಅನೇಕರು ಬೀಜ, ಗೊಬ್ಬರ, ಔಷಧ ಕಂಪನಿಗಳ ಮಾರಾಟದ ಕೆಲಸಕ್ಕೆ ಸೇರಿ ಬೈಕ್ ಏರಿ ಊರೂರು ಸುತ್ತುತ್ತಾರೆ. ತಿಂಗಳ ಗುರಿ ಮುಟ್ಟಿಸಬೇಕಾದವನು ‘ಈ ಔಷಧ ನಿಮಗೆ ಬೇಡ’ ಎಂದು ರೈತನಿಗೆ ಹೇಳುವುದು ಹೇಗೆ? ಕಲಿತ ವಿದ್ಯೆಯೇ ಅಲ್ಲಿ ಅವನಿಗೆ ಅಡ್ಡ ಬರುತ್ತದೆ. ಈ ಸಂಕಟ ನನಗೆ ಸಣ್ಣದಾಗಿ ಕಾಣುವುದಿಲ್ಲ.

ಇನ್ನು ಸರ್ಕಾರಿ ನೌಕರಿ. ತೋಟಗಾರಿಕೆ ಅಧಿಕಾರಿಯ ಹುದ್ದೆಗಳು ಎಣಿಕೆಯವು. ಅಧಿಸೂಚನೆಗೆ ಕಾಯುತ್ತ ಧಾರವಾಡದಲ್ಲೋ ವಿಜಯಪುರದಲ್ಲೋ ಕೋಣೆ ಬಾಡಿಗೆ ಹಿಡಿದು ಓದುವ ವರ್ಷಗಳ ಖರ್ಚನ್ನು ಮನೆಯವರು ಮೊದಲೇ ಲೆಕ್ಕ ಹಾಕಿರುವುದಿಲ್ಲ. ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಗಂತೂ ಕೃಷಿ, ಪಶುಸಂಗೋಪನೆ, ಅರಣ್ಯಶಾಸ್ತ್ರ ಓದಿದವರ ಜೊತೆಗೂ ಪೈಪೋಟಿ ಮಾಡಬೇಕು.

ಸ್ವಂತ ತೋಟ ಮಾಡಲಿ ಎಂದು ಹೇಳುವುದು ಸುಲಭ. ದ್ರಾಕ್ಷಿಗೆ ಕಂಬ, ತಂತಿ, ಹನಿ ನೀರಾವರಿ, ಕೊಳವೆಬಾವಿ ಎಲ್ಲವೂ ಮೊದಲೇ ಬೇಕು, ಫಸಲು ಮಾತ್ರ ಆಮೇಲೆ. ಹೊಲವಿದ್ದವರ ಮಗನಿಗೆ ಈ ಪದವಿ ಇದ್ದ ತೋಟವನ್ನು ಚೆನ್ನಾಗಿ ನಡೆಸುವ ದಾರಿಯಾದೀತು, ಹೊಲವಿಲ್ಲದ ಕೂಲಿಕಾರರ ಮಗಳಿಗೆ ಅದೇ ಪದವಿ ಬೇರೆಯವರ ಬಳಿ ದುಡಿಯುವ ಅರ್ಹತೆಯಷ್ಟೇ ಆಗಿ ಉಳಿಯುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಪ್ರವೇಶದ ಬಾಗಿಲು. ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿದು ಚಾಟ್ನಿ ಮಾಡುವ ತಂಡಗಳಲ್ಲಿ ಹದಿನೆಂಟು, ಇಪ್ಪತ್ತರ ಹುಡುಗರಿದ್ದಾರೆ. ಕಡ್ಡಿಯ ದಪ್ಪವನ್ನು ಬೆರಳಲ್ಲಿ ಹಿಡಿದು ನೋಡಿ, ಕಣ್ಣು ಎಣಿಸಿ, ಕತ್ತರಿ ಎಲ್ಲಿ ಬೀಳಬೇಕೆಂದು ಕ್ಷಣದಲ್ಲಿ ನಿರ್ಧರಿಸುವವರು ಅವರು. ಆದರೆ ಪಿಯುಸಿಯಲ್ಲಿ ವಿಜ್ಞಾನ ಓದದ ಅವರಿಗೆ ಈ ಪದವಿಗೆ ಪ್ರವೇಶವೇ ಇಲ್ಲ, ಇದ್ದರೂ ಪಾಠವೆಲ್ಲ ಇಂಗ್ಲಿಷಿನಲ್ಲಿ. ಕತ್ತರಿಯನ್ನೇ ಹಿಡಿಯದವನು ಅಂಕಗಳ ಬಲದಿಂದ ಒಳಗೆ ಹೋಗಿ, ಕೊನೆಯ ವರ್ಷ ಹಳ್ಳಿಯಲ್ಲಿದ್ದು ಕಲಿಯುವ ಅವಧಿಯಲ್ಲಿ, ಇದೇ ಹುಡುಗರ ಪಕ್ಕದಲ್ಲಿ ನಿಂತು ಚಾಟ್ನಿ ಮಾಡುವ ಬಗೆಯನ್ನು ಬರೆದುಕೊಳ್ಳುತ್ತಾನೆ.