ಎರೆಮಣ್ಣಿನ ಎತ್ತು, ಮಂಜಿನ ಚಿತ್ರ

ನವೆಂಬರ್ ಬಂತೆಂದರೆ ಉತ್ತರ ಇಟಲಿಯ ಪೋ ನದಿಯ ಬಯಲು ಮಂಜಿನಲ್ಲಿ ಮುಳುಗುತ್ತದೆ. ರೆಜ್ಜೊ ಎಮಿಲಿಯಾ ಎಂಬ ಈ ಊರಿಗೆ ಬಂದು ನೆಲೆಸಿ ಎಂಟು ವರ್ಷಗಳಾದರೂ, ಬೆಳಗಿನ ಹೊತ್ತು ಎದುರುಮನೆಯೇ ಕಾಣದಷ್ಟು ದಟ್ಟವಾಗಿ ಕವಿಯುವ ಆ ಮಂಜಿಗೆ ನಾನಿನ್ನೂ ಒಗ್ಗಿಕೊಂಡಿಲ್ಲ. ಎರಡು ವರ್ಷಗಳ ಹಿಂದೆ ಅಂಥದೊಂದು ವಾರದ ಕೊನೆಯಲ್ಲಿ, ಇಲ್ಲಿನ ನಗರಸಭೆ ನಡೆಸುವ ಶಿಶುವಿಹಾರದಿಂದ ನನ್ನ ಐದು ವರ್ಷದ ಮಗಳನ್ನು ಕರೆತರಲು ಹೋದಾಗ, ಗೋಡೆಯ ಮೇಲೆ ಮಕ್ಕಳ ಚಿತ್ರಗಳನ್ನು ಸಾಲಾಗಿ ಅಂಟಿಸಿದ್ದರು. ಮಂಜನ್ನು ಚಿತ್ರದಲ್ಲಿ ತರುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಐದಾರು ಮಕ್ಕಳು ನಾಲ್ಕು ದಿನ ದುಡಿದಿದ್ದರು.

ಮೊದಲ ದಿನ ಒಬ್ಬ ಹುಡುಗ ಬಿಳಿಯ ಹಾಳೆಯ ಮೇಲೆ ಬಿಳಿಯ ಬಣ್ಣದ ಕಡ್ಡಿಯನ್ನು ತಿಕ್ಕಿ, ಮುಗಿಯಿತು ಎಂದಿದ್ದ. ನನ್ನ ಮಗಳು ಅಂಗಳದ ಮರವನ್ನು ಬರೆದು, ಅದರ ಮೇಲೆ ಬೂದು ಬಣ್ಣ ಬಳಿದು, ಮರವೇ ಅಳಿಸಿಹೋಯಿತೆಂದು ಅತ್ತಿದ್ದಳು. ಶಿಕ್ಷಕಿ ಆಗ ಬೇರೆ ಹಾಳೆ ತೆಗೆದುಕೊಂಡು ತಾವೇ ಮರ ಬರೆದು ತೋರಿಸಲಿಲ್ಲ. ಮಂಜು ಬಂದಾಗ ಮರ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಎಲ್ಲಿಗೂ ಹೋಗುವುದಿಲ್ಲ, ಹಿಂದೆ ಇರುತ್ತದೆ ಎಂದಳಂತೆ ಮಗಳು. ಮೂರನೆಯ ದಿನ ಇನ್ನೊಬ್ಬ ಹುಡುಗಿ ಹಾಳೆಗಳ ಪೆಟ್ಟಿಗೆಯಿಂದ ಟ್ರೇಸಿಂಗ್ ಪೇಪರ್ ತೆಗೆದು ಮರದ ಚಿತ್ರಕ್ಕೆ ಹೊದಿಸಿದಳು. ಮರ ಅಲ್ಲೇ ಇತ್ತು, ಮಸುಕಾಗಿತ್ತು. ನಾಲ್ಕನೆಯ ದಿನಕ್ಕೆ ಹತ್ತಿರದ ಮರಕ್ಕೆ ಒಂದು ಪದರ, ಬೇಲಿಯಾಚೆಯ ಮರಕ್ಕೆ ಎರಡು, ದೂರದ ಚರ್ಚಿನ ಗೋಪುರಕ್ಕೆ ಮೂರು ಎಂದು ಮಕ್ಕಳೇ ಲೆಕ್ಕ ಹಾಕಿಕೊಂಡಿದ್ದರು. ಪ್ರತಿ ಚಿತ್ರದ ಕೆಳಗೂ ಆ ಮಗು ಆಡಿದ ಮಾತನ್ನು, ತೊದಲನ್ನೂ ತಿದ್ದದೆ, ದಿನಾಂಕದೊಂದಿಗೆ ಶಿಕ್ಷಕಿ ಬರೆದಿಟ್ಟಿದ್ದರು.

ಆ ಗೋಡೆಯ ಮುಂದೆ ನಿಂತಾಗ ನನಗೆ ನೆನಪಾದದ್ದು ಹುಬ್ಬಳ್ಳಿಯಲ್ಲಿರುವ ತಂಗಿಯ ಮಗ. ಅವನು ಯುಕೆಜಿಯಲ್ಲಿದ್ದಾಗ ಅಚ್ಚುಹಾಕಿದ ಆನೆಯ ಚಿತ್ರವೊಂದಕ್ಕೆ ಬಣ್ಣ ತುಂಬಲು ಕೊಟ್ಟಿದ್ದರು. ಅವನು ಸೊಂಡಿಲಿಗೆ ಗುಲಾಬಿ, ಕಿವಿಗೆ ಹಸಿರು, ಹಣೆಗೆ ಹಳದಿ ಬಳಿದಿದ್ದ. ಹಿಂದಿನ ತಿಂಗಳಷ್ಟೇ ಟಿವಿಯಲ್ಲಿ ಮೈಸೂರಿನ ಜಂಬೂಸವಾರಿಯನ್ನು ಕಣ್ಣರಳಿಸಿ ನೋಡಿದ್ದ ಹುಡುಗನಿಗೆ ಆನೆಯೆಂದರೆ ಅದೇ ಆಗಿತ್ತು. ಹಾಳೆ ಮರಳಿ ಬಂದಾಗ ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆಯೂ, ಆನೆಯ ಬಣ್ಣ ಬೂದು ಎಂಬ ಒಕ್ಕಣೆಯೂ ಇದ್ದವು. ಮರುದಿನದಿಂದ ತಂಗಿ ಪಕ್ಕದಲ್ಲಿ ಕುಳಿತು, ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಗೆರೆ ದಾಟದಂತೆ ಬಣ್ಣ ತುಂಬಿಸತೊಡಗಿದಳು. ಅವಳಿಗೆ ನಕ್ಷತ್ರದ ಗುರುತುಗಳು ಸಿಕ್ಕವು. ಹುಡುಗ ಕೆಲವೇ ತಿಂಗಳಲ್ಲಿ, ಏನಾದರೂ ಬರೆಯೋ ಎಂದರೆ, ನನಗೆ ಬರುವುದಿಲ್ಲ, ನೀನೇ ಬರೆದುಕೊಡು ಎನ್ನಲು ಕಲಿತ. ಐದು ವರ್ಷದ ಮಗುವಿನ ಬಾಯಲ್ಲಿ ಆ ಮಾತು ಕೇಳಿದಾಗ ಆದ ಸಂಕಟ ನನ್ನಿಂದ ಇನ್ನೂ ಹೋಗಿಲ್ಲ.

ಆ ಶಿಕ್ಷಕಿಯನ್ನು ದೂರುವುದು ನನ್ನ ಉದ್ದೇಶವಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ, ವರ್ಷದ ಕೊನೆಗೆ ಪುಸ್ತಕದ ಎಲ್ಲ ಪುಟಗಳೂ ತುಂಬಿರಬೇಕೆಂದು ಬಯಸುವ ತಂದೆತಾಯಿಗಳ ನಡುವೆ ಅವರು ಕೆಲಸ ಮಾಡುತ್ತಾರೆ. ನಾವೆಲ್ಲ ಚಿತ್ರಕಲೆ ಕಲಿತದ್ದೂ ಹಾಗೆಯೇ ಅಲ್ಲವೇ? ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲೊಂದು ಹೆಂಚಿನ ಮನೆ ಮತ್ತು ತೆಂಗಿನ ಮರ. ಕಣ್ಣು ಹಾಯಿಸಿದಷ್ಟು ದೂರ ಒಂದು ದಿಬ್ಬವೂ ಇಲ್ಲದ ನರಗುಂದದ ಕಡೆಯ ಎರೆಭೂಮಿಯ ಹಳ್ಳಿಯಲ್ಲಿ ಬೆಳೆದ ನಾನು ಕೂಡ ಹತ್ತು ವರ್ಷ ಆ ಎರಡು ಗುಡ್ಡಗಳನ್ನೇ ಬರೆದೆ. ಮೂರು-ನಾಲ್ಕು ವರ್ಷದ ಮಗು ತಲೆಯಿಂದಲೇ ಕಾಲು ಹೊರಟ ಮನುಷ್ಯನನ್ನು ಬರೆದಾಗ, ಹೊಟ್ಟೆಯೆಲ್ಲಿ ಎಂದು ನಗುವ ಹಿರಿಯರಿಗೆ, ಇಟಲಿಯ ಮಗುವೂ ಇಳಕಲ್ಲಿನ ಮಗುವೂ ಆ ವಯಸ್ಸಿನಲ್ಲಿ ಹಾಗೆಯೇ ಬರೆಯುತ್ತವೆ, ಅದು ಬೆಳವಣಿಗೆಯ ಒಂದು ಮೆಟ್ಟಿಲು ಎಂದು ಯಾರೂ ತಿಳಿಸಿರುವುದಿಲ್ಲ.

ರೆಜ್ಜೊದ ಶಾಲೆಗಳು ಇಂದು ಜಗತ್ತಿಗೆ ಪರಿಚಿತವಾಗಿದ್ದರೂ ಅವುಗಳ ಹುಟ್ಟು ಸಿರಿವಂತಿಕೆಯಲ್ಲಿ ಆದದ್ದಲ್ಲ. 1945ರ ಏಪ್ರಿಲ್‌ನಲ್ಲಿ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ, ಊರ ಹೊರಗಿನ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯ ಜನ, ಜರ್ಮನ್ ಸೈನಿಕರು ಬಿಟ್ಟುಹೋದ ಒಂದು ಟ್ಯಾಂಕ್, ಕೆಲವು ಟ್ರಕ್ಕು ಮತ್ತು ಕುದುರೆಗಳನ್ನು ಮಾರಿ ಬಂದ ಹಣದಲ್ಲಿ ಮಕ್ಕಳಿಗೊಂದು ಶಾಲೆ ಕಟ್ಟಲು ತೊಡಗಿದರು. ಬಾಂಬಿಗೆ ಉರುಳಿದ ಮನೆಗಳ ಇಟ್ಟಿಗೆಯನ್ನು ಹೆಂಗಸರು ಆಯ್ದು ತಂದರು, ಮರಳು ನದಿಯಿಂದ ಬಂತು. ಸುದ್ದಿ ಕೇಳಿ ಸೈಕಲ್ ತುಳಿದುಕೊಂಡು ನೋಡಲು ಬಂದ ಲೋರಿಸ್ ಮಲಗುತ್ಸಿ ಎಂಬ ಯುವ ಶಿಕ್ಷಕರು ಮುಂದೆ 1994ರಲ್ಲಿ ತೀರಿಕೊಳ್ಳುವವರೆಗೂ ಈ ಕೆಲಸವನ್ನು ಬಿಡಲಿಲ್ಲ. 1963ರಲ್ಲಿ ನಗರಸಭೆ ತನ್ನ ಮೊದಲ ಶಿಶುಶಾಲೆಯನ್ನು ತೆರೆಯಿತು. ಆಮೇಲೆ ಶಾಲೆಗಳಲ್ಲಿ ಅತೆಲಿಯೇ ಎಂದು ಕರೆಯುವ ಕಾರ್ಯಾಗಾರವೂ, ಅದನ್ನು ನೋಡಿಕೊಳ್ಳಲು ಕಲೆಯಲ್ಲಿ ತರಬೇತಾದ ಒಬ್ಬ ಶಿಕ್ಷಕರೂ ಬಂದರು. ಚಿತ್ರಕಲೆಯೆಂಬುದು ವಾರಕ್ಕೊಮ್ಮೆ ಬರುವ ಪಿರಿಯಡ್ಡಾಗಿ ಉಳಿಯದೆ, ಮಗು ಯೋಚಿಸುವ ಬಗೆಗಳಲ್ಲಿ ಒಂದಾಯಿತು. ಕಾರ್ಖಾನೆಗಳಲ್ಲಿ ಉಳಿದ ತುಂಡು ಬಟ್ಟೆ, ರಟ್ಟು, ತಂತಿ, ಚರ್ಮದ ಚೂರುಗಳನ್ನು ಒಟ್ಟುಮಾಡಿ ಶಾಲೆಗಳಿಗೆ ಕೊಡುವ ರೆಮಿದಾ ಎಂಬ ಕೇಂದ್ರವೊಂದು 1996ರಿಂದ ಇಲ್ಲಿ ನಡೆಯುತ್ತಿದೆ.

ಬೆಂಗಳೂರಿನಲ್ಲಿ ಈಚೆಗೆ ಕೆಲವು ದುಬಾರಿ ಪ್ರೀಸ್ಕೂಲುಗಳು ರೆಜ್ಜೊ ಪದ್ಧತಿ ಎಂದು ಫಲಕ ಹಾಕಿಕೊಳ್ಳುವುದನ್ನು ಕಂಡಿದ್ದೇನೆ. ಕೆಳಗಿನಿಂದ ಬೆಳಕು ಹಾಯುವ ಮೇಜು, ಗಾಜಿನ ಬರಣಿಗಳಲ್ಲಿ ಜೋಡಿಸಿಟ್ಟ ಕಪ್ಪೆಚಿಪ್ಪು, ತೆಳುಮರದ ಪೀಠೋಪಕರಣ ಎಲ್ಲವೂ ಅಲ್ಲಿರುತ್ತವೆ. ಇದು ಎಲ್ಲಿಗೆ ಬೇಕಾದರೂ ಹಾಗೆಯೇ ಎತ್ತಿಕೊಂಡು ಹೋಗಬಹುದಾದ ಪದ್ಧತಿಯಲ್ಲ ಎಂದು ರೆಜ್ಜೊದವರೇ ಹೇಳುತ್ತಾರೆ. ನನ್ನ ಮಗಳಿಗೆ ಆ ವಾರ ಒದಗಿದ್ದು ಒಂದು ರೂಪಾಯಿಯ ಟ್ರೇಸಿಂಗ್ ಪೇಪರ್, ನಾಲ್ಕು ದಿನಗಳ ಬಿಡುವು ಮತ್ತು ಅವಳ ಮಾತಿಗೆ ಕಿವಿಗೊಟ್ಟ ಒಬ್ಬ ಹಿರಿಯರು. ಈ ಮೂರರಲ್ಲಿ ಯಾವುದೂ ನಮಗೆ ಹೊಸದಲ್ಲ ಎಂಬುದನ್ನು ಹೇಳಲಿಕ್ಕಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ.

ಉತ್ತರ ಕರ್ನಾಟಕದಲ್ಲಿ ಮಳೆಗಾಲವೆಂದರೆ ಮಣ್ಣಿನ ಪೂಜೆಗಳ ಕಾಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ್ಪ, ಅದರ ಬೆನ್ನಿಗೆ ಜೋಕುಮಾರ. ನಮ್ಮ ಮನೆಯಲ್ಲಿ ಅಮಾವಾಸ್ಯೆಯ ಹಿಂದಿನ ದಿನ ಹಳ್ಳದ ದಂಡೆಯಿಂದ ಎರೆಮಣ್ಣು ತಂದು, ಹರಳು ಆರಿಸಿ, ಬಿರುಕು ಬಿಡದಿರಲೆಂದು ತುಸು ಅರಳೆ ಬೆರೆಸಿ, ರೊಟ್ಟಿಯ ಹಿಟ್ಟಿನಂತೆ ನಾದುತ್ತಿದ್ದರು. ಮಕ್ಕಳಿಗೆಲ್ಲ ಒಂದೊಂದು ಮುದ್ದೆ ಸಿಗುತ್ತಿತ್ತು. ಅವ್ವ ತನ್ನ ಎತ್ತಿನ ಜೋಡಿಯನ್ನು ಮಾಡುತ್ತ ಕೂತಿರುತ್ತಿದ್ದಳೇ ಹೊರತು ನಮ್ಮ ಎತ್ತಿಗೆ ಕೈ ಹಚ್ಚುತ್ತಿರಲಿಲ್ಲ. ನನ್ನದು ಕಾಲು ಮಡಚಿ ಬಿದ್ದಾಗ ಅವಳು ಹೇಳುತ್ತಿದ್ದ ಮಾತು ಒಂದೇ: "ಎತ್ತು ನಿಂದ್ರಬೇಕಪಾ, ಬಿದ್ರ ಹೊಲಾ ಹ್ಯಾಂಗ ಹೂಡ್ತೈತಿ?" ಕಾಲು ಎಷ್ಟು ದಪ್ಪವಿರಬೇಕು, ಹೆಗಲ ಮೇಲಿನ ಡುಬ್ಬದ, ಅಂದರೆ ಇಣಿಯ, ಭಾರಕ್ಕೆ ಕುತ್ತಿಗೆ ಎಷ್ಟು ಬಾಗೀತು ಎಂಬುದನ್ನು ಮಣ್ಣೇ ನನಗೆ ಕಲಿಸಿತು. ಕಣ್ಣಿಗೆ ಗುಲಗಂಜಿ, ಕೊಂಬಿಗೆ ಜೋಳದ ದಂಟಿನ ಚೂರು ಚುಚ್ಚಿ, ಮೇವು ಹಾಕುವ ಗ್ವಾದಲಿಯ ಮುಂದೆ ನಿಲ್ಲಿಸಿದ ಮೇಲೆ, ಅಣ್ಣಂದಿರ ಎತ್ತುಗಳ ಸಾಲಿನಲ್ಲಿ ನನ್ನ ಸೊಟ್ಟ ಎತ್ತಿಗೂ ಅದೇ ಕುಂಕುಮ, ಅದೇ ಆರತಿ.

ಇದು ಅನುಕರಣೆಯಲ್ಲವೇ, ಇದರಲ್ಲಿ ಸೃಜನಶೀಲತೆ ಎಲ್ಲಿ ಬಂತು ಎಂದು ಇಲ್ಲಿನ ಒಬ್ಬ ಶಿಕ್ಷಕರು ನನ್ನನ್ನು ಪ್ರಾಮಾಣಿಕವಾಗಿಯೇ ಕೇಳಿದರು. ಮಕ್ಕಳ ಮುಂದೆ ಸಿದ್ಧ ಮಾದರಿ ಇಡಬಾರದು ಎಂಬುದು ಅವರ ಗಟ್ಟಿ ನಂಬಿಕೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಎತ್ತನ್ನೇ ಮಾಡಬೇಕು ಎಂದು ಹಬ್ಬ ನಿರ್ಧರಿಸಿತ್ತು, ನಿಜ. ಆದರೆ ಅಚ್ಚುಹಾಕಿದ ಆನೆಯ ಚಿತ್ರದಲ್ಲಿ ನೋಡುವ ಕೆಲಸವನ್ನು ಬೇರೆ ಯಾರೋ ಆಗಲೇ ಮುಗಿಸಿರುತ್ತಾರೆ, ಮಗುವಿಗೆ ಉಳಿಯುವುದು ಗೆರೆ ದಾಟದಿರುವ ಎಚ್ಚರಿಕೆಯಷ್ಟೇ. ಎರೆಮಣ್ಣಿನ ಎತ್ತಿನಲ್ಲಿ ಕೊಟ್ಟಿಗೆಗೆ ಹೋಗಿ ಇಣಿಯನ್ನು ಮುಟ್ಟಿನೋಡಿ ಬರುವ ಕೆಲಸ ನನ್ನದೇ ಆಗಿತ್ತು. ನನ್ನ ತಪ್ಪನ್ನು ತೋರಿಸಿದ್ದು ಬಿದ್ದ ಎತ್ತು, ಕೆಂಪು ಶಾಯಿಯಲ್ಲ. ಹಿರಿಯರ ಕೈಯನ್ನು ನೋಡಿ ಕಲಿಯುವುದಕ್ಕೂ ಹಿರಿಯರು ಕೈ ಹಿಡಿದು ತಿದ್ದಿಸುವುದಕ್ಕೂ ಇರುವ ಈ ಅಂತರವನ್ನು ರೆಜ್ಜೊದವರಿಗಿಂತ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ನಮ್ಮ ಸಾಗರ ಸೀಮೆಯ ಹೆಣ್ಣುಮಕ್ಕಳು ಚೆನ್ನಾಗಿ ಬಲ್ಲರು. ಅಲ್ಲಿ ಅಕ್ಕಿಹಿಟ್ಟಿನ ಬಿಳುಪು, ಕೆಮ್ಮಣ್ಣಿನ ಕೆಂಪು, ಪುಂಡಿ ನಾರಿನ ಕುಂಚ ಚಿಕ್ಕ ಹುಡುಗಿಯರ ಕೈಗೆ ಬರುವುದು ಪಕ್ಕದಲ್ಲಿ ಕೂತು ನೋಡಿದ್ದರಿಂದಲೇ.

ಬಡ ಮಕ್ಕಳ ಶಾಲೆಗೆ ಸ್ಥಳೀಯ ವಸ್ತುಗಳೇ ಸಾಕು ಎಂಬ ವಿಚಾರ ಕೂಡ ನಮ್ಮ ದೇಶದಲ್ಲಿ ಹಳೆಯದು. ವಿಲ್ಲಾ ಚೆಲ್ಲಾದ ಜನ ಇಟ್ಟಿಗೆ ಹೊರುತ್ತಿದ್ದ ಅದೇ 1945ರಲ್ಲಿ ತಾರಾಬಾಯಿ ಮೋಡಕ್ ಅವರು ಇಂದಿನ ಮಹಾರಾಷ್ಟ್ರದ ಬೋರ್ಡಿಯಲ್ಲಿ ಗ್ರಾಮದ ಮಕ್ಕಳಿಗಾಗಿ ಬಾಲವಾಡಿ ಆರಂಭಿಸಿದರು. ಮಾಂಟೆಸೊರಿ ಉಪಕರಣಗಳು ಹಳ್ಳಿಗೆ ಎಟುಕದೆಂದು ಬೀಜ, ಚಿಪ್ಪು, ಎಲೆ, ಕಲ್ಲುಗಳಿಂದಲೇ ಕಲಿಕೆಯ ಸಾಮಗ್ರಿ ಮಾಡಿದರು. ಮಕ್ಕಳು ಬರದಿದ್ದಾಗ ಅವರ ಮನೆಯಂಗಳಕ್ಕೇ ಶಾಲೆಯನ್ನು ಒಯ್ದರು. ಅಂಗನವಾಡಿ ಎಂಬ ಹೆಸರಿನಲ್ಲಿ ಆ ಅಂಗಳ ಇಂದಿಗೂ ಉಳಿದಿದೆ. 1975ರ ಅಕ್ಟೋಬರ್ 2ರಂದು ಕೇಂದ್ರದ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲಿಗೆ ಅದು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಕಲೆ ಮತ್ತು ಸಂಸ್ಕೃತಿಯ ಬೆಳವಣಿಗೆಯನ್ನು ಒಂದು ಮುಖ್ಯ ಗುರಿಯಾಗಿ ಒಪ್ಪಿಕೊಂಡಿದೆ. ಕಾಗದದಲ್ಲಿ ಕೊರತೆಯೇನೂ ಇಲ್ಲ.

ಕೊರತೆ ಇರುವುದು ಬಿಡುವಿನಲ್ಲಿ. ಕಳೆದ ಸಲ ಊರಿಗೆ ಹೋದಾಗ ನಮ್ಮ ಓಣಿಯ ಅಂಗನವಾಡಿಯಲ್ಲಿ ಅರ್ಧ ದಿನ ಕೂತಿದ್ದೆ. ಕಾರ್ಯಕರ್ತೆ ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡದೊಂದು ಸುತ್ತು ಎಳೆದು ಮಕ್ಕಳ ಮುಂದೆ ಹುಣಸೆಬೀಜಗಳನ್ನು ಸುರಿದರು. ಒಬ್ಬ ಹುಡುಗ ಸುತ್ತಿನ ಹೊರಗೆ ಬೀಜಗಳನ್ನು ಉದ್ದಕ್ಕೆ ಜೋಡಿಸುತ್ತ ಹೊಸ್ತಿಲವರೆಗೂ ಹೋಗಿ, ಇದು ಮಲಪ್ರಭಾ ಕಾಲುವೆ ಎಂದ. ಅವರು ಬೆರಗಿನಿಂದ ಅವನ ಕಡೆ ತಿರುಗುವಷ್ಟರಲ್ಲಿ ಫೋನು ಬಂತು; ಮಕ್ಕಳ ತೂಕದ ವಿವರವನ್ನು ಮೊಬೈಲಿಗೆ ಏರಿಸುವುದು, ಅಡುಗೆಯ ಲೆಕ್ಕ, ಬಾಣಂತಿಯರ ಪಟ್ಟಿ, ಹೀಗೆ ಅವರ ಬೆಳಗು ಕಳೆಯಿತು. ಊಟದ ತಟ್ಟೆ ಇಡುವ ಹೊತ್ತಿಗೆ ಕಾಲುವೆಯನ್ನು ಗುಡಿಸಿ ಡಬ್ಬಿಗೆ ಹಾಕಿದರು. ಇಲ್ಲಿನ ಶಾಲೆಯಲ್ಲಿ ಒಂದು ತರಗತಿಗೆ ಇಬ್ಬರು ಶಿಕ್ಷಕರಿರುತ್ತಾರೆ, ಮಕ್ಕಳ ಕೆಲಸವನ್ನು ಕೂಡಿ ಕುಳಿತು ನೋಡಿ ಮಾತಾಡಲು ಅವರಿಗೆ ಸಂಬಳ ಸಹಿತವಾದ ಸಮಯವಿರುತ್ತದೆ. ಅಂಗನವಾಡಿಗೆ ನಾವು ಕೊಡಬೇಕಾದದ್ದು ಅದನ್ನೇ, ಬೆಳಕಿನ ಮೇಜನ್ನಲ್ಲ.

ಅಲ್ಲಿಯವರೆಗೆ, ಮನೆಗಳಲ್ಲಾದರೂ ಬಣ್ಣ ತುಂಬುವ ಪುಸ್ತಕಗಳನ್ನು ಎತ್ತಿಟ್ಟು, ಮಗುವಿಗೆ ಖಾಲಿ ಹಾಳೆಯನ್ನೋ ಒಂದು ಮುದ್ದೆ ಮಣ್ಣನ್ನೋ ಕೊಟ್ಟು, ಅದು ಬರೆಯುವಾಗ ಆಡಿದ ಒಂದು ಮಾತನ್ನು ಹಾಳೆಯ ಹಿಂದೆ ದಿನಾಂಕ ಹಾಕಿ ಬರೆದಿಡಿ ಎಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ. ಶಾಲೆಯ ಪ್ರಾಜೆಕ್ಟಿಗೆಂದು ರಾತ್ರಿ ಹನ್ನೊಂದರವರೆಗೆ ಥರ್ಮೋಕೋಲ್ ಕೊಯ್ಯುವ ತಂದೆತಾಯಿಗಳಿಗೆ ಇದು ಕಷ್ಟದ ಕೆಲಸವೇನೂ ಅಲ್ಲ.

ಆ ಸಲ ನಾವು ಊರಲ್ಲಿದ್ದಾಗಲೇ ಮಣ್ಣೆತ್ತಿನ ಅಮಾವಾಸ್ಯೆ ಬಂದಿತ್ತು. ಮಗಳು ತನ್ನ ಆಯಿಯ, ಅಂದರೆ ನನ್ನ ಅವ್ವನ, ಪಕ್ಕದಲ್ಲಿ ಕೂತು ಎತ್ತು ಮಾಡಿದಳು. ಎರಡು ಸಲ ಬಿತ್ತು. ಮೂರನೆಯ ಸಲ ಅವಳು ಕಾಲುಗಳನ್ನು ಕಂಬದಷ್ಟು ದಪ್ಪ ಮಾಡಿ, ತಲೆಯ ಮೇಲೆ ಅರಳೆಯನ್ನು ತೆಳ್ಳಗೆ ಎಳೆದು ಹರಡಿದಳು. ಅವ್ವ ಕನ್ನಡಕ ಏರಿಸಿಕೊಂಡು, ಇದೇನವ್ವಾ ಎಂದು ಕೇಳಿದಳು. "ಆಯಿ, ಅದು ನಮ್ಮೂರಿನ ಮಂಜು. ಎತ್ತಿಗೆ ದಾರಿ ಕಾಣಾಂಗಿಲ್ಲ, ಅದಕ್ಕ ನಿಂತೈತಿ" ಎಂದಳು ಮಗಳು. ಅವ್ವ ಆ ಎತ್ತನ್ನು ಗ್ವಾದಲಿಯ ಮುಂದೆ, ತನ್ನ ಜೋಡಿಯ ಬಲಕ್ಕೆ ಇಟ್ಟು, ಅರಳೆ ಸರಿಯದಂತೆ ಹಗುರಾಗಿ ಕುಂಕುಮ ಹಚ್ಚಿದಳು.